ತಾರಸಿಯಿಂದ ಲೋಟದವರೆಗೆ: ಮನೆಬಳಕೆಗೆ ಮಳೆ ನೀರು

“ಮಳೆ ನೀರು ಕೊಯ್ಲು ಮಾಡಿಸಿದ್ದೇವೆ, ಆದರೆ ಆ ನೀರನ್ನ ಬಳಸೋದಿಲ್ಲ.” ಬೆಂಗಳೂರಿನ ಬಡಾವಣೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ನೀರಿನ ಸಂಪರ್ಕ ಸಿಗಲೆಂದು ಪೈಪು ಎಳೆಸಿ, ಮೂಲೆಯಲ್ಲೊಂದು ಫಿಲ್ಟರ್ ಡ್ರಮ್ಮು ಇರಿಸಿರುತ್ತಾರೆ. ಮೊದಲ ಮಳೆಗೆ ನೆಲದಡಿಯ ಸಂಪಿನೊಳಕ್ಕೆ ಕಂದು ನೀರು ಇಳಿಯುತ್ತದೆ. ಮುಂದಿನ ಮಳೆಗೆ ಡ್ರಮ್ಮು ಕಟ್ಟಿಕೊಂಡು ತಾರಸಿಯಲ್ಲೇ ನೀರು ನಿಲ್ಲುತ್ತದೆ. ಆಮೇಲೆ ಪ್ಲಂಬರ್ ಬಂದು ಪೈಪನ್ನು ಚರಂಡಿಗೆ ತಿರುಗಿಸಿ ಹೋಗುತ್ತಾನೆ. ಬೇಸಿಗೆಯಲ್ಲಿ ಅದೇ ಮನೆ ಮುಂದೆ ಟ್ಯಾಂಕರ್ ನಿಂತಿರುತ್ತದೆ.

ಇಂಥ ಮನೆಗಳಲ್ಲಿ ಎಲ್ಲರೂ ದೂರುವುದು ಫಿಲ್ಟರನ್ನು. ಆದರೆ ನೀರಿನ ಗುಣ ತೀರ್ಮಾನವಾಗುವುದು ಹೆಚ್ಚಾಗಿ ಫಿಲ್ಟರಿಗೆ ಮೊದಲು ತಾರಸಿಯಲ್ಲಿ, ಫಿಲ್ಟರಿನ ನಂತರ ಸಂಪಿನಲ್ಲಿ. ಈ ಎರಡೂ ಸರಿಯಿದ್ದರೆ ಸಾಧಾರಣ ಫಿಲ್ಟರ್ ಸಾಕು. ಎರಡೂ ಕೆಟ್ಟಿದ್ದರೆ ಎಷ್ಟೇ ದುಬಾರಿ ಉಪಕರಣ ತಂದರೂ ಒಂದು ಮಳೆಗಾಲ ದಾಟುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಫಿಲ್ಟರಿನಷ್ಟೇ ಜಾಗ ಪೊರಕೆಗೂ ಪೈಪಿನ ತಳ ಮುಚ್ಚುವ ಎಂಡ್ ಕ್ಯಾಪಿಗೂ ಇದೆ.

ಹಿನ್ನೆಲೆ ಬಹಳ ಬೇಕಿಲ್ಲ. ಚಿತ್ರದುರ್ಗದ ಕೋಟೆಯ ಹೊಂಡಗಳನ್ನು ನೋಡಿದವರಿಗೆ, ಬಿದ್ದ ನೀರನ್ನು ಮೇಲಿನಿಂದ ಕೆಳಕ್ಕೆ ಹಿಡಿದಿಟ್ಟುಕೊಳ್ಳುವುದು ನಮ್ಮವರಿಗೆ ಹೊಸದಲ್ಲ ಎಂಬುದು ಗೊತ್ತು. ನಮ್ಮ ಕಾಲದಲ್ಲಿ ಈ ವಿಷಯವನ್ನು ಕನ್ನಡದ ಓದುಗರ ಮನೆಬಾಗಿಲಿಗೆ ತಂದವರು ಪತ್ರಕರ್ತ ಶ್ರೀ ಪಡ್ರೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ಬೆಂಗಳೂರಿನ ತಮ್ಮ ಮನೆಯನ್ನೇ ಮಳೆ ನೀರಿನ ಮೇಲೆ ನಡೆಸಿ ತೋರಿಸಿದರು. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂದು, 30×40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ, 60×40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯವಾಯಿತು.

ಎಷ್ಟು ನೀರು ಸಿಗುತ್ತದೆ?

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದೊಂದು ನೆನಪಿದ್ದರೆ ಮಿಕ್ಕ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು. ಸಾವಿರ ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಬಿದ್ದದ್ದೆಲ್ಲ ಸಿಗುವುದಿಲ್ಲ. ಕಾಂಕ್ರೀಟು ಸ್ವಲ್ಪ ಹೀರುತ್ತದೆ, ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಚೆಲ್ಲುತ್ತದೆ. ನೂರರಲ್ಲಿ ಎಂಬತ್ತು ಭಾಗ ಕೈಗೆ ಬಂದರೆ ಒಳ್ಳೆಯ ವ್ಯವಸ್ಥೆ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಎಂದಿಟ್ಟುಕೊಂಡರೆ ಆ ತಾರಸಿಯಿಂದ ವರ್ಷಕ್ಕೆ 70 ಸಾವಿರ ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಅದು ಹನ್ನೆರಡು ಲೋಡು.

ಆದರೆ ವರ್ಷದ ಮೊತ್ತಕ್ಕಿಂತ ಮಳೆ ಹೇಗೆ ಹಂಚಿಕೊಂಡು ಬರುತ್ತದೆ ಎನ್ನುವುದು ಮುಖ್ಯ. ಬೆಂಗಳೂರು, ಮೈಸೂರು ಕಡೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬಿಟ್ಟು ಬಿಟ್ಟು ಬರುತ್ತದೆ. ಸಂಪು ತುಂಬಿ, ಖಾಲಿಯಾಗಿ, ಮತ್ತೆ ತುಂಬುತ್ತದೆ. ಹಾಗಾಗಿ ಆರರಿಂದ ಹತ್ತು ಸಾವಿರ ಲೀಟರಿನ ಸಂಪಿದ್ದರೂ ಬಹಳಷ್ಟು ನೀರು ಬಳಕೆಗೆ ಸಿಗುತ್ತದೆ. ಮಂಗಳೂರಿನಲ್ಲಿ 3,500 ಮಿ.ಮೀ.ಗಿಂತ ಹೆಚ್ಚು ಸುರಿದರೂ ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಅಲ್ಲಿ ಎಲ್ಲವನ್ನೂ ಟ್ಯಾಂಕಿನಲ್ಲಿ ಹಿಡಿಯಲು ಹೋಗದೆ, ಕುಡಿಯಲು ಬೇಕಾದಷ್ಟನ್ನು ಕೂಡಿಟ್ಟು ಉಳಿದದ್ದನ್ನು ಸೋಸಿ ತೆರೆದ ಬಾವಿಗೆ ಬಿಡುವುದು ಜಾಣತನ. ವಿಜಯಪುರದಂಥ ಕಡಿಮೆ ಮಳೆಯ ಊರಿನಲ್ಲಿ ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ದಿನಗಳು ಹೆಚ್ಚು, ಆದ್ದರಿಂದ ಟ್ಯಾಂಕು ದೊಡ್ಡದಿರಬೇಕು.

ಮಳೆ ನೀರು ಕೆಡುವುದು ಎಲ್ಲಿ?

ಮೋಡದಿಂದ ಬೀಳುವ ನೀರಿನಲ್ಲಿ ಲವಣಾಂಶ ತೀರಾ ಕಡಿಮೆ. ಸೋಪು ಸುಲಭವಾಗಿ ನೊರೆ ಬಿಡುತ್ತದೆ, ಗೀಸರಿನ ಕಾಯಿಲಿಗೆ ಬಿಳಿ ಪೊರೆ ಕಟ್ಟುವುದಿಲ್ಲ, ತೊಗರಿಬೇಳೆ ಬೇಗ ಬೇಯುತ್ತದೆ. ಪಾವಗಡ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಕಾಟವಿದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅಂಥ ಊರುಗಳಲ್ಲಿ ಕುಡಿಯಲು ಮಳೆ ನೀರು ಹಿಡಿಯುವುದು ಮಕ್ಕಳ ಹಲ್ಲು, ಮೂಳೆಗಳನ್ನು ಕಾಯುವ ಕೆಲಸ.

ಈ ಒಳ್ಳೆಯ ನೀರು ಕೆಡುವುದು ತಾರಸಿ ಮುಟ್ಟಿದ ಮೇಲೆ. ವಾರಗಟ್ಟಲೆ ಕೂತ ದೂಳು, ವಾಹನಗಳ ಮಸಿ, ಪಾರಿವಾಳದ ಹಿಕ್ಕೆ, ಕೊಳೆತ ಎಲೆ ಎಲ್ಲವೂ ಮೊದಲ ಕೆಲವು ನಿಮಿಷಗಳಲ್ಲಿ ತೊಳೆದುಕೊಂಡು ಬರುತ್ತವೆ. ಕೊಳೆಯ ದೊಡ್ಡ ಪಾಲು ಆ ಮೊದಲ ನೀರಿನಲ್ಲೇ ಇರುತ್ತದೆ. ಅದನ್ನು ಬೇರೆ ಮಾಡಿಬಿಟ್ಟರೆ ಫಿಲ್ಟರಿನ ಕೆಲಸ ಬಹುತೇಕ ಹಗುರವಾಯಿತು.

ಹಿಡಿಯುವ ಕ್ರಮ

1. ಯುಗಾದಿ ಕಳೆದು ಅಶ್ವಿನಿ ಮಳೆ ಬರುವ ಮೊದಲು ತಾರಸಿಯನ್ನು ಗುಡಿಸಿ ತೊಳೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೊರಕೆ ಆಡಲಿ. ಹಳೆ ಪೀಠೋಪಕರಣ, ಸಿಮೆಂಟು ಚೀಲ, ನಾಯಿ ಕಟ್ಟುವ ಜಾಗ ಇವೆಲ್ಲ ನೀರು ಹಿಡಿಯುವ ತಾರಸಿಯಲ್ಲಿ ಬೇಡ. ತಾರಸಿ ತೋಟವಿದ್ದರೆ ಆ ಭಾಗದ ನೀರನ್ನು ಬೇರೆ ಪೈಪಿನಲ್ಲಿ ಇಳಿಸಿ, ಗಿಡಗಳಿಗೇ ಬಳಸಿ.

2. ನೀರು ಇಳಿಯುವ ಪ್ರತಿ ಬಾಯಿಗೂ ಗುಮ್ಮಟದ ಆಕಾರದ ಜಾಲರಿ ಹಾಕಿ. ಚಪ್ಪಟೆ ಜಾಲರಿಯ ಮೇಲೆ ಒಂದೇ ಒಂದು ಬಾದಾಮಿ ಎಲೆ ಕೂತರೆ ಬಾಯಿ ಮುಚ್ಚಿತು. ಗುಮ್ಮಟವಿದ್ದರೆ ಎಲೆ ಬುಡದಲ್ಲಿ ನಿಂತರೂ ನೀರು ಮೇಲಿನಿಂದ ಇಳಿಯುತ್ತದೆ.

3. ನಾಲ್ಕಿಂಚಿನ ಒಂದು ಪೈಪಿಗೆ 40ರಿಂದ 50 ಚದರ ಮೀಟರಿಗಿಂತ ಹೆಚ್ಚು ತಾರಸಿಯ ಹೊರೆ ಹಾಕಬೇಡಿ. ಸಾವಿರ ಚದರ ಅಡಿಗೆ ಎರಡು ಪೈಪು ಬೇಕೇ ಬೇಕು. ಒಂದೇ ಪೈಪಿನಲ್ಲಿ ಉಳಿತಾಯ ಮಾಡಿದರೆ ಜೋರು ಮಳೆಯಲ್ಲಿ ನೀರು ತಾರಸಿಯಲ್ಲೇ ನಿಂತು ಗೋಡೆಗೆ ಇಳಿಯುತ್ತದೆ.

4. ಮೊದಲ ನೀರನ್ನು ಬೇರ್ಪಡಿಸುವ ಪೈಪನ್ನು ಪ್ರತಿ ಇಳಿಪೈಪಿಗೂ ಜೋಡಿಸಿ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ, ಅತಿ ಮುಖ್ಯವಾದ ಭಾಗ ಇದೇ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮಾಡುವುದು ಹೀಗೆ: ಇಳಿಪೈಪು ಫಿಲ್ಟರಿನ ಕಡೆ ತಿರುಗುವ ಜಾಗದಲ್ಲಿ ಒಂದು ‘ಟಿ’ ಕೂರಿಸಿ. ಅದರ ಒಂದು ಕವಲು ಫಿಲ್ಟರಿಗೆ, ಇನ್ನೊಂದು ನೇರ ಕೆಳಗೆ ಇಳಿಯುವ, ತಳ ಮುಚ್ಚಿದ ಪೈಪಿಗೆ. ಮಳೆ ಶುರುವಾದಾಗ ಕೊಳೆನೀರು ಮೊದಲು ಈ ಕುರುಡು ಪೈಪಿಗೆ ಇಳಿದು ತುಂಬುತ್ತದೆ. ತುಂಬಿದ ಮೇಲೆ ಬರುವ ತಿಳಿನೀರು ಅಲ್ಲಿ ಜಾಗವಿಲ್ಲದೆ ಅಡ್ಡಕ್ಕೆ ಹರಿದು ಫಿಲ್ಟರ್ ಸೇರುತ್ತದೆ. ಯಾರೂ ಓಡಿಬಂದು ವಾಲ್ವ್ ತಿರುಗಿಸಬೇಕಿಲ್ಲ, ರಾತ್ರಿ ಮಳೆ ಬಂದರೂ ಕೆಲಸ ಸಾಗುತ್ತದೆ.

ಎಷ್ಟು ಉದ್ದದ ಪೈಪು? ಕನಿಷ್ಠ ಅರ್ಧ ಮಿ.ಮೀ., ಪಕ್ಷಿಗಳು ಹೆಚ್ಚಿರುವಲ್ಲಿ ಅಥವಾ ರಸ್ತೆ ಪಕ್ಕದ ಮನೆಯಲ್ಲಿ ಒಂದರಿಂದ ಎರಡು ಮಿ.ಮೀ. ಮಳೆಯನ್ನು ಬಿಟ್ಟುಕೊಡಿ. ಇಳಿಪೈಪಿಗೆ 46 ಚದರ ಮೀಟರ್ ತಾರಸಿ ಇದ್ದರೆ ಒಂದು ಮಿ.ಮೀ.ಗೆ 46 ಲೀಟರ್. ನಾಲ್ಕಿಂಚಿನ ಪೈಪು ಮೀಟರಿಗೆ ಸುಮಾರು 8 ಲೀಟರ್ ಮಾತ್ರ ಹಿಡಿಯುತ್ತದೆ, ಆರಿಂಚಿನದು ಸುಮಾರು 18 ಲೀಟರ್. ಅಂದರೆ ಆರಿಂಚಿನ ಪೈಪು ಎರಡೂವರೆ ಮೀಟರ್ ಇದ್ದರೆ ಸಾಕು. ಅಷ್ಟು ಎತ್ತರ ಸಿಗದಿದ್ದರೆ ಕೆಳಗೆ ಮುಚ್ಚಳವಿರುವ ಸಣ್ಣ ಡ್ರಮ್ಮು ಜೋಡಿಸಬಹುದು.

ತಳದ ಎಂಡ್ ಕ್ಯಾಪ್ ತಿರುಪಿನದಾಗಿರಲಿ, ಅಂಟು ಹಾಕಿ ಮುಚ್ಚಬೇಡಿ. ಅದರ ಹತ್ತಿರ ಮೂರು ಮಿ.ಮೀ.ನಷ್ಟು ಸಣ್ಣ ತೂತು ಕೊರೆದರೆ ಮಳೆ ನಿಂತ ಮೇಲೆ ಕೊಳೆನೀರು ತೊಟ್ಟಿಕ್ಕಿ ಹೊರಹೋಗಿ, ಪೈಪು ಮುಂದಿನ ಮಳೆಗೆ ಖಾಲಿಯಾಗಿ ಕಾಯುತ್ತದೆ. ಆ ತೂತಿಗೆ ಕೆಸರು ಕಟ್ಟಿಕೊಂಡರೆ ಪೈಪು ಖಾಲಿಯಾಗುವುದಿಲ್ಲ, ಮುಂದಿನ ಮಳೆಯ ಕೊಳೆಯೆಲ್ಲ ಸೀದಾ ಸಂಪಿಗೆ. ಹದಿನೈದು ದಿನಕ್ಕೊಮ್ಮೆ ಕ್ಯಾಪ್ ಬಿಚ್ಚಿ ತೊಳೆಯಿರಿ. ಹೊರಬಂದ ಕಪ್ಪು ನೀರು ನೋಡಿದರೆ ಈ ಪೈಪಿನ ಬೆಲೆ ತಾನೇ ತಿಳಿಯುತ್ತದೆ.

ಡ್ರಮ್ಮು ಯಾಕೆ ಉಕ್ಕುತ್ತದೆ?

ಡ್ರಮ್ ಫಿಲ್ಟರಿನೊಳಗಿನ ಮರಳು ಸಣ್ಣದಾದಷ್ಟೂ ನೀರು ಚೆನ್ನಾಗಿ ಸೋಸುತ್ತದೆ, ಆದರೆ ಅಷ್ಟೇ ನಿಧಾನವಾಗಿ ಇಳಿಯುತ್ತದೆ. ನಮ್ಮ ಮಳೆಗೆ ಆ ತಾಳ್ಮೆ ಇಲ್ಲ. ಬೆಂಗಳೂರಿನ ಸಂಜೆಯ ಗುಡುಗು ಮಳೆ ಕಾಲು ಗಂಟೆಯಲ್ಲಿ 20 ಮಿ.ಮೀ. ಸುರಿದರೆ, 46 ಚದರ ಮೀಟರ್ ತಾರಸಿಯಿಂದ, ನೂರರಲ್ಲಿ ಎಂಬತ್ತರ ಲೆಕ್ಕದಲ್ಲೂ, ನಿಮಿಷಕ್ಕೆ ಸುಮಾರು 50 ಲೀಟರ್ ಇಳಿಯುತ್ತದೆ. ನಗರಗಳ ಶುದ್ಧೀಕರಣ ಘಟಕದಲ್ಲಿರುವ ವೇಗದ ಮರಳು ಫಿಲ್ಟರುಗಳು ಸಾಮಾನ್ಯವಾಗಿ ಚದರ ಮೀಟರಿಗೆ, ಗಂಟೆಗೆ ಸುಮಾರು 5,000 ಲೀಟರ್ ಸೋಸುತ್ತವೆ. 200 ಲೀಟರಿನ ಡ್ರಮ್ಮಿನ ಬಾಯಿ ಒಂದು ಚದರ ಮೀಟರಿನ ಕಾಲು ಭಾಗದಷ್ಟೇ. ಅದೇ ವೇಗದಲ್ಲಿ ಸೋಸಿದರೂ ಅದು ನಿಮಿಷಕ್ಕೆ ಇಪ್ಪತ್ತು ಲೀಟರ್ ಆಸುಪಾಸು. ಮಿಕ್ಕ ಮೂವತ್ತು ಲೀಟರ್ ಹೊರಗೆ ಚೆಲ್ಲಲೇಬೇಕು. ಮರಳಿನ ಮೇಲೆ ಕೆಸರಿನ ಪದರ ಕೂತ ಮೇಲಂತೂ ಕೇಳುವುದೇ ಬೇಡ.

ಹಾಗಾಗಿ ಸೋಸುವ ಕೆಲಸವನ್ನು ಎರಡು ಕಡೆ ಹಂಚಿ. ಇಳಿಪೈಪಿನ ಹತ್ತಿರ ಕಸ, ಕೆಸರು ತಡೆಯುವ ಒರಟು ಫಿಲ್ಟರ್. ನುಣುಪಾದ ಶುದ್ಧೀಕರಣವನ್ನು ಅಡುಗೆಮನೆಯಲ್ಲಿ, ಕುಡಿಯುವಷ್ಟು ನೀರಿಗೆ ಮಾತ್ರ ಮಾಡಿಕೊಳ್ಳಿ. ಬಟ್ಟೆ ಒಗೆಯುವ ನೀರನ್ನು ಕುಡಿಯುವ ನೀರಿನ ಮಟ್ಟಕ್ಕೆ ಸೋಸಲು ಹೋಗುವುದೇ ಅರ್ಧ ತೊಂದರೆಗಳ ಮೂಲ.

ಡ್ರಮ್ ಫಿಲ್ಟರನ್ನೇ ಮಾಡುವುದಾದರೆ ತಳದಿಂದ ಮೇಲಕ್ಕೆ ಹೀಗೆ ತುಂಬಿ: 40 ಮಿ.ಮೀ. ಜಲ್ಲಿ 15 ಸೆಂ.ಮೀ., 20 ಮಿ.ಮೀ. ಜಲ್ಲಿ 15 ಸೆಂ.ಮೀ., ಸಣ್ಣ ಜಲ್ಲಿ 15 ಸೆಂ.ಮೀ., ಅದರ ಮೇಲೆ ನೈಲಾನ್ ಜಾಲರಿ, ಆಮೇಲೆ ಒಂದೆರಡು ಮಿ.ಮೀ. ಗಾತ್ರದ ಒರಟು ಮರಳು 15ರಿಂದ 20 ಸೆಂ.ಮೀ. ಮರಳಿನ ಮೇಲೆ ಮತ್ತೊಂದು ಜಾಲರಿ ಹಾಸಿ ಬೆರಳೆರಡರಷ್ಟು ಜಲ್ಲಿ ಹರಡಿ. ನೀರು ನೇರ ಬಿದ್ದು ಮರಳನ್ನು ಕೊರೆಯದಂತೆ ಅದು ತಡೆಯುತ್ತದೆ. ಮೇಲೆ ಒಂದು ಗೇಣು ಜಾಗ ಖಾಲಿ ಇರಲಿ. ಡ್ರಮ್ಮಿನ ಕಂಠದಲ್ಲಿ, ಒಳಬರುವ ಪೈಪಿನಷ್ಟೇ ಅಗಲದ ಓವರ್‌ಫ್ಲೋ ಪೈಪು ಕೂರಿಸಿ ಇಂಗುಬಾವಿಗೆ ಜೋಡಿಸಿ.

ಎಂ-ಸ್ಯಾಂಡ್ ಬಳಸುವುದಾದರೆ ಬಕೆಟ್ಟಿನಲ್ಲಿ ಹಾಕಿ, ನೀರು ಪೂರ್ತಿ ತಿಳಿಯಾಗುವವರೆಗೆ ತೊಳೆಯಬೇಕು. ಅದರಲ್ಲಿರುವ ಕಲ್ಲಿನ ಹಿಟ್ಟು ಸೀದಾ ಸಂಪಿಗೆ ಇಳಿದುಬಿಡುತ್ತದೆ. ಜಲ್ಲಿಗೂ ಇದೇ ಮಾತು. ಇದ್ದಿಲಿನ ಬಗ್ಗೆ ಬಹಳ ನಂಬಿಕೆ ಇದೆ. ಒಲೆಯ ಇದ್ದಿಲು ವಾಸನೆ, ಬಣ್ಣವನ್ನು ಸ್ವಲ್ಪ ಹೀರೀತು, ಬೇಗನೆ ತನ್ನ ಶಕ್ತಿ ಕಳೆದುಕೊಳ್ಳುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ. ಹಾಕಲೇಬೇಕೆಂದರೆ ಎರಡು ಜಾಲರಿಗಳ ನಡುವೆ ಹಾಕಿ, ವರ್ಷಕ್ಕೊಮ್ಮೆ ಬದಲಾಯಿಸಿ.

ಜಾಗ ಕಡಿಮೆ ಇದ್ದವರಿಗೆ ಗೋಡೆಗೆ ಕೂರಿಸುವ ಜಾಲರಿ ಫಿಲ್ಟರ್ ಒಳ್ಳೆಯ ಆಯ್ಕೆ. ಶಿವಕುಮಾರ್ ಅವರು ರೂಪಿಸಿದ ‘ಪಾಪ್-ಅಪ್’ ಫಿಲ್ಟರಿನ ವಿಶೇಷ ಏನೆಂದರೆ, ಒಳಗಿನ ಸೋಸುವ ಭಾಗ ಕಟ್ಟಿಕೊಂಡಾಗ ನೀರಿನ ಒತ್ತಡಕ್ಕೆ ಅದೇ ಮೇಲೆದ್ದು ನೀರನ್ನು ಹೊರಗೆ ಬಿಟ್ಟುಬಿಡುತ್ತದೆ. ತಾರಸಿ ಕೆರೆಯಾಗುವುದು ತಪ್ಪುತ್ತದೆ, ತೊಳೆಯಬೇಕೆಂಬ ಸೂಚನೆಯೂ ಕಣ್ಣಿಗೆ ಬೀಳುತ್ತದೆ. ಕೊಳ್ಳುವ ಮೊದಲು ಬೇರೆ ಬೇರೆ ಮಾದರಿಗಳನ್ನು ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಥೀಮ್ ಪಾರ್ಕ್ ಇದೆ.

ಸಂಪಿನೊಳಗೆ

ಬೆಳಕು, ಗಾಳಿಯ ಕಸ, ಸೊಳ್ಳೆ ಈ ಮೂರೂ ಹೊರಗಿದ್ದರೆ ಮಳೆ ನೀರು ತಿಂಗಳುಗಟ್ಟಲೆ ಹಾಳಾಗದೆ ಉಳಿಯುತ್ತದೆ. ಬೆಳಕಿಲ್ಲದಲ್ಲಿ ಪಾಚಿ ಬೆಳೆಯಲಾರದು. ಮುಚ್ಚಳ ಬಿಗಿಯಾಗಿರಲಿ. ಉಸಿರು ಕೊಳವೆಗೂ ಓವರ್‌ಫ್ಲೋ ಬಾಯಿಗೂ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವುದಕ್ಕೆ ಒಂದು ವಾರ, ಹತ್ತು ದಿನ ಸಾಕು.

ಒಳಬರುವ ಪೈಪನ್ನು ತಳದವರೆಗೆ ಇಳಿಸಿ, ತುದಿಯನ್ನು ಬೆಂಡ್ ಹಾಕಿ ಮೇಲ್ಮುಖ ಮಾಡಿ. ತಳದಲ್ಲಿ ಕೂತ ನಯವಾದ ಕೆಸರು ಆಗ ಕಲಕುವುದಿಲ್ಲ. ಮೋಟಾರಿನ ಹೀರುಪೈಪು ತಳದಿಂದ ಒಂದು ಅಡಿಯಾದರೂ ಮೇಲಿರಲಿ. ಹೊಸ ಸಿಮೆಂಟ್ ಸಂಪಾದರೆ ಎರಡು ಮೂರು ಬಾರಿ ತುಂಬಿ ಖಾಲಿ ಮಾಡಿ. ಮಳೆ ನೀರು ಕೊಂಚ ಆಮ್ಲೀಯ, ಹೊಸ ಸಿಮೆಂಟಿನ ಸುಣ್ಣವನ್ನು ಬಿಡಿಸಿಕೊಂಡು ಒಗರಾಗುತ್ತದೆ.

ಕುಡಿಯಲು

ಕುಡಿಯುವ, ಅಡುಗೆಯ ನೀರಿಗೆ ಬೇರೆಯೇ ಟ್ಯಾಂಕ್ ಇಡುವುದು ಅತ್ಯುತ್ತಮ. ನಾಲ್ವರ ಸಂಸಾರಕ್ಕೆ ದಿನಕ್ಕೆ 25 ಲೀಟರ್ ಎಂದರೆ ಎಂಟು ತಿಂಗಳಿಗೆ 6,000 ಲೀಟರ್. ಬಯಲುಸೀಮೆಯ ಬರದ ಊರಿನಲ್ಲೂ ಒಂದು ಸಾಧಾರಣ ತಾರಸಿ ಇಷ್ಟನ್ನು ಕೊಡುತ್ತದೆ. ಮೊದಲ ಎರಡು ಮೂರು ಮಳೆಯನ್ನು ಈ ಟ್ಯಾಂಕಿಗೆ ಬಿಡಬೇಡಿ. ತಾರಸಿ ಚೆನ್ನಾಗಿ ತೊಳೆದ ನಂತರ ಬರುವ ಮಳೆಯಲ್ಲಿ ತುಂಬಿಸಿ.

ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ಹಿಕ್ಕೆಯ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಈ ಮೂರರಲ್ಲಿ ಒಂದನ್ನು ತಪ್ಪದೆ ಮಾಡಿ:

1. ಬಿಳಿ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಡಿ.

2. ಕ್ಯಾಂಡಲ್ ಫಿಲ್ಟರಿನ ನಂತರ ಯುವಿ ದೀಪ ಇರುವ ಶುದ್ಧೀಕರಣ ಯಂತ್ರ. ನೀರು ಕಲಕಾಗಿದ್ದರೆ ಬೆಳಕು ರೋಗಾಣುವನ್ನು ಮುಟ್ಟಲಾರದು, ಅದಕ್ಕೇ ಮೊದಲು ಕ್ಯಾಂಡಲ್.

3. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್. ಶೇಕಡ 25ರಷ್ಟು ಕ್ಲೋರಿನ್ ಇರುವ ತಾಜಾ ಪುಡಿಯಾದರೆ 1,000 ಲೀಟರಿಗೆ 4 ಗ್ರಾಂ. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಿರಿ. ಅರ್ಧ ಗಂಟೆ ಕಳೆದ ಮೇಲೆ ಬಳಸಿ. ಬಾಯಿ ತೆರೆದಿಟ್ಟ ಹಳೆ ಪುಡಿಗೆ ಬಲವಿರುವುದಿಲ್ಲ.

ಮಳೆ ನೀರಿಗೆ ಆರ್‌ಒ ಯಂತ್ರ ಬೇಡ. ಆರ್‌ಒ ಇರುವುದು ಲವಣ ತೆಗೆಯಲು, ಮಳೆ ನೀರಿನಲ್ಲಿ ಲವಣವೇ ತೀರಾ ಕಡಿಮೆ. ಹಿಡಿದಿಟ್ಟ ಒಳ್ಳೆಯ ನೀರಿನಲ್ಲಿ ದೊಡ್ಡ ಪಾಲನ್ನು ಅದು ಚರಂಡಿಗೆ ಬಿಟ್ಟುಬಿಡುತ್ತದೆ. ಖನಿಜಾಂಶ ಇಲ್ಲದ ನೀರು ಕುಡಿಯಬಹುದೇ ಎಂದು ಕೇಳುವವರುಂಟು. ನಮಗೆ ಬೇಕಾದ ಖನಿಜ ಬಹುಪಾಲು ಸಿಗುವುದು ರಾಗಿ, ಸೊಪ್ಪು, ಬೇಳೆ, ಹಾಲಿನಿಂದ.

ಅನುಮಾನವಿದ್ದರೆ ಎಚ್2ಎಸ್ ಬಾಟಲಿ ತಂದು ಪರೀಕ್ಷಿಸಿ. ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಕಲ್ಮಶ ಸೇರಿರಬಹುದೆಂದು ತಿಳಿಯಿರಿ. ಕಪ್ಪಾಗದಿದ್ದರೂ ಶುದ್ಧೀಕರಿಸುವುದನ್ನು ಬಿಡಬೇಡಿ.

ಸಾಮಾನ್ಯ ತಪ್ಪುಗಳು

ಮಳೆಯ ದಿನವೇ ಸಂಪನ್ನು ಟ್ಯಾಂಕರಿನಿಂದ ಕಂಠಮಟ್ಟ ತುಂಬಿಸಿಕೊಳ್ಳುವುದು. ಮೋಡ ಕಟ್ಟಿದಾಗ ಸಂಪಿನಲ್ಲಿ ಅರ್ಧವಾದರೂ ಜಾಗ ಇರಲಿ. ಒಂದು ಇಂಚು ಮಳೆಗೆ ಸಾವಿರ ಚದರ ಅಡಿಯಿಂದ ಸುಮಾರು 2,000 ಲೀಟರ್ ಬರುತ್ತದೆ.

ತಾರಸಿ ನೀರನ್ನು ಸೋಸದೆ ಕೊಳವೆಬಾವಿಯ ಕೇಸಿಂಗ್ ಪೈಪಿಗೆ ನೇರ ಬಿಡುವುದು. ಕೊಳೆ ಒಮ್ಮೆ ಅಂತರ್ಜಲಕ್ಕೆ ಸೇರಿದರೆ ಹೊರತೆಗೆಯುವ ದಾರಿಯಿಲ್ಲ. ಹೆಚ್ಚಾದ ನೀರಿಗೆ ಇಂಗುಬಾವಿ ತೋಡಿಸಿ, ಶೌಚ ಗುಂಡಿಯಿಂದ ದೂರವಿರಲಿ. ಬೆಂಗಳೂರಿನ ಸುತ್ತ ಈ ಕೆಲಸದಲ್ಲಿ ಪಳಗಿದ ಕೈ ಮಣ್ಣು ವಡ್ಡರದು, ಅವರ ಮಾತು ಕೇಳಿ ಆಳ ನಿರ್ಧರಿಸಿ.

ಅಂಗಳದ, ಕಾರು ನಿಲ್ಲಿಸುವ ಜಾಗದ ನೀರನ್ನು ಸಂಪಿಗೆ ಸೇರಿಸುವುದೂ ತಪ್ಪು. ಎಣ್ಣೆ, ಚಪ್ಪಲಿಯ ಕೊಳೆ ಬೆರೆತ ಆ ನೀರು ಮನೆಬಳಕೆಗೆ ಸಲ್ಲದು.

ಎಚ್ಚರಿಕೆ

ಕಲ್ನಾರು ಶೀಟು, ಡಾಂಬರು ಬಳಿದ ತಾರಸಿ, ಸೀಸದ ಬಣ್ಣ ಬಳಿದ ತಗಡು, ಇವುಗಳ ನೀರು ಕುಡಿಯಲು ಬೇಡ. ಜಲನಿರೋಧಕ ಬಣ್ಣ ಬಳಿಸುವುದಾದರೆ ಕುಡಿಯುವ ನೀರಿಗೆ ಸುರಕ್ಷಿತವೇ ಎಂದು ಡಬ್ಬಿಯ ಮೇಲೆ ನೋಡಿ, ಬಳಿದ ನಂತರದ ಕೆಲವು ಮಳೆಯನ್ನು ಹೊರಗೆ ಬಿಡಿ. ಮಲೆನಾಡಿನ ಹಂಚಿನ ಮನೆಯವರು ಮಳೆಗಾಲಕ್ಕೆ ಮುಂಚೆ ಪಾಚಿ ಕೆರೆದು, ದೋಣಿಯಲ್ಲಿ ಕೂತ ಎಲೆ ತೆಗೆಯಬೇಕು.

ಸಂಪನ್ನು ವರ್ಷಕ್ಕೊಮ್ಮೆ, ನೀರು ತಳ ಕಂಡಿರುವ ಮಾರ್ಚ್, ಏಪ್ರಿಲ್‌ನಲ್ಲಿ ತೊಳೆಸಿ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರಬಹುದು. ಒಳಗಿಳಿದವರು ಕ್ಷಣಾರ್ಧದಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾರೆ, ಎತ್ತಲು ಹಾರಿದವರೂ ಅಲ್ಲೇ ಉಳಿಯುತ್ತಾರೆ. ಸಾಧ್ಯವಾದಷ್ಟನ್ನು ಉದ್ದ ಹಿಡಿಯ ಬ್ರಷ್ಷಿನಿಂದ, ಪೈಪಿನ ನೀರಿನಿಂದ ಮೇಲಿನಿಂದಲೇ ಉಜ್ಜಿ ತೊಳೆದು, ಕೊಳೆಯನ್ನು ಪಂಪಿನಿಂದ ಹೊರಗೆಳೆಯಿರಿ. ಇಳಿಯಲೇಬೇಕಾದರೆ ಮುಚ್ಚಳ ತೆಗೆದು ಗಂಟೆಗಟ್ಟಲೆ ಗಾಳಿಯಾಡಲು ಬಿಡಿ, ಫ್ಯಾನಿನಿಂದ ಗಾಳಿ ಊದಿಸಿ, ಮೋಟಾರಿನ ವಿದ್ಯುತ್ ಸಂಪರ್ಕ ತೆಗೆದುಹಾಕಿ. ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಲ್ಲಿ. ಒಳಗೆ ಜನ ಇರುವಾಗ ಬ್ಲೀಚಿಂಗ್ ಪೌಡರ್ ಹಾಕಬೇಡಿ, ಆಸಿಡ್ ಅಂತೂ ಸಂಪಿನ ಹತ್ತಿರವೂ ತರಬೇಡಿ. ಕೆಳಗಿರುವವರು ಕರೆದಾಗ ಓಗೊಡದಿದ್ದರೆ ಯಾರೂ ಒಳಗೆ ಹಾರಬಾರದು. ಹಗ್ಗದಿಂದಲೇ ಮೇಲೆಳೆದು, ತಕ್ಷಣ 112ಕ್ಕೆ ಕರೆ ಮಾಡಿ.